ಸಿಂಗಾರಪ್ಪನ ಹಸಿರು ಟಿಕ್ಕು

ಆಫೀಸಿನಲ್ಲಿ ಅವನನ್ನು ಸಿಂಗಾರಪ್ಪ ಎಂದು ಕರೆಯುತ್ತಿದ್ದರು, ಅವನೂ ಖುಷಿಯಿಂದ ಓಗೊಡುತ್ತಿದ್ದ. ವೆಬ್‌ಸೈಟಿನಲ್ಲಿ ಜನ ತಮ್ಮ ಹೆಸರು, ವಿಳಾಸ, ಹುಟ್ಟಿದ ದಿನ ತುಂಬುತ್ತಾರಲ್ಲ, ಆ ಫಾರಂಗಳನ್ನು ಸಿಂಗರಿಸುವುದು ಅವನ ಕಸುಬು. ಸಿಂಗರಿಸುವುದು ಎಂದರೆ ಅವನೇನೂ ಉಳಿ ಹಿಡಿದು ಕೆತ್ತುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಮಾಡಿಟ್ಟ ಫ್ರೇಮ್‌ವರ್ಕ್ ಒಂದಿತ್ತು. ಚೌಕಕ್ಕೆ ಒಂದು ಪದ ಅಂಟಿಸಿದರೆ ಅದರ ಮೂಲೆ ದುಂಡಾಗುತ್ತಿತ್ತು, ಇನ್ನೊಂದು ಅಂಟಿಸಿದರೆ ಕೆಳಗೆ ನೆರಳು ಬೀಳುತ್ತಿತ್ತು, ಮತ್ತೊಂದು ಅಂಟಿಸಿದರೆ ಸುತ್ತ ಹಸಿರು ಗೆರೆ ಮೂಡಿ ಪಕ್ಕದಲ್ಲೊಂದು ಟಿಕ್ಕು ಬರುತ್ತಿತ್ತು. ಇಂಥ ನೂರಿನ್ನೂರು ಪದ ಅವನಿಗೆ ಬಾಯಿಪಾಠವಾಗಿದ್ದವು. ಹದಿನೈದು ವರ್ಷದ ಅನುಭವ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಸರಕು ಇಷ್ಟೇ ಎಂಬುದು ಬೇರೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಆದರೂ ಅಭಿರುಚಿಯ ವಿಷಯಕ್ಕೆ ಬಂದರೆ ಅವನು ಯಾರ ಮಾತೂ ಕೇಳುವವನಲ್ಲ. ಚೌಕದ ಮೇಲೆ ‘ಹೆಸರು’, ‘ವಿಳಾಸ’ ಎಂದು ಬರೆಯುವುದು ಅವನ ಪ್ರಕಾರ ಅಜ್ಜನ ಕಾಲದ ಕೆಲಸ. ಆ ಪದಗಳನ್ನು ಚೌಕದ ಒಳಗೇ, ಇದೆಯೋ ಇಲ್ಲವೋ ಎಂಬಷ್ಟು ತಿಳಿ ಬೂದಿ ಬಣ್ಣದಲ್ಲಿ ಕೂರಿಸುತ್ತಿದ್ದ. ಒಂದಕ್ಷರ ಬರೆದರೆ ಸಾಕು, ಆ ಪದ ಮಾಯ. ಹುಟ್ಟಿದ ದಿನಕ್ಕೆ ಪುಟ್ಟ ಕ್ಯಾಲೆಂಡರು ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಹಿಂದಿನ ವರ್ಷಕ್ಕೆ ಹೋಗಲು ಒಂದು ಬಾಣದ ಗುರುತು, ಒಂದು ಒತ್ತಿಗೆ ಒಂದು ವರ್ಷ. ಕೈಯಿಂದ ತಾರೀಖು ಬರೆಯುವ ಹಾಗಿಲ್ಲ, ಬರೆದರೆ ಅಂದ ಕೆಡುತ್ತದೆ.

ಈ ಸಲ ಅವನ ಕೈಗೆ ಬಂದದ್ದು ಊರಿನ ಗ್ರಂಥಾಲಯಗಳ ಫಾರಂ. ಹದಿನಾಲ್ಕು ಶಾಖೆಗಳಲ್ಲಿ ತಾತ್ಕಾಲಿಕವಾಗಿ ದುಡಿಯುತ್ತಿದ್ದವರಿಗೆಂದೇ ಮೂರು ಖಾಯಂ ಹುದ್ದೆಗಳನ್ನು ತೆರೆದಿದ್ದರು. ಅರ್ಜಿ ವೆಬ್‌ಸೈಟಿನಲ್ಲೇ ಹಾಕಬೇಕು, ಶುಕ್ರವಾರ ಸಂಜೆ ಐದರೊಳಗೆ. ವಯಸ್ಸು ಐವತ್ತು ತುಂಬಿರಬಾರದು. ಆ ತಾತ್ಕಾಲಿಕದವರಲ್ಲಿ ಅವನ ಅಕ್ಕನೂ ಒಬ್ಬಳು. ಹನ್ನೊಂದು ವರ್ಷದಿಂದ ಒಂದು ವಾಚನಾಲಯದಲ್ಲಿ ಪುಸ್ತಕ ಕೊಟ್ಟು, ಪುಸ್ತಕ ಇಸಿದುಕೊಂಡು, ಓದಲು ಬಂದವರ ಅರ್ಜಿ ಕಾಗದಗಳನ್ನೆಲ್ಲ ಬರೆದುಕೊಟ್ಟು, ವರ್ಷವರ್ಷವೂ ‘ಮುಂದಿನ ವರ್ಷ ಇರ್ತೀನೋ ಇಲ್ವೋ’ ಎನ್ನುತ್ತಲೇ ಕಾಲ ಹಾಕಿದ್ದಳು. ಮುಂದಿನ ತಿಂಗಳಿಗೆ ಅವಳಿಗೆ ಐವತ್ತು ತುಂಬುತ್ತಿತ್ತು. ಇದು ತಪ್ಪಿದರೆ ಇನ್ನೊಂದು ಅವಕಾಶ ಇರಲಿಲ್ಲ.

ಅಕ್ಕ ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಪಾಳಿ ಕೆಲಸಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಗೆರೆ ಹಾಕಿದ ಪುಸ್ತಕದಲ್ಲಿ ಕೈ ಹಿಡಿದು ಅಕ್ಷರ ತಿದ್ದಿಸಿದವಳು. ಅಂಥವಳ ನೌಕರಿಯ ಫಾರಂ ತನ್ನ ಕೈಯಲ್ಲೇ ಅರಳುತ್ತಿದೆ ಎಂದು ಅವನು ಹಿಗ್ಗಿ ಹೀರೇಕಾಯಿಯಾಗಿದ್ದ.

ಎಡವಟ್ಟಾದದ್ದು ಗ್ರಂಥಾಲಯದವರಿಗೆ ಫಾರಂ ತೋರಿಸಬೇಕಾದ ದಿನ. ಅರ್ಜಿಗಳನ್ನು ತೆಗೆದುಕೊಂಡು ಜೋಡಿಸಿಡುವ ಭಾಗ ಇನ್ನೂ ಸಿದ್ಧವಿರಲಿಲ್ಲ. ಆ ಭಾಗ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳನ್ನು ಆಫೀಸಿನಲ್ಲಿ ಉಗ್ರಾಣಿ ಎನ್ನುತ್ತಿದ್ದರು. ಉಗ್ರಾಣದ ಬೀಗದ ಕೈ ಅವಳದು, ಏನು ಒಳಗೆ ಬಂತು, ಏನು ಹೊರಗೆ ಹೋಯಿತು ಎಂಬ ಲೆಕ್ಕ ಅವಳದು. ಅವಳು ‘ನಾಳೆ ಆಗುತ್ತೆ’ ಅಂದಳು. ಸಿಂಗಾರಪ್ಪನಿಗೆ ತಡೆಯಲಿಲ್ಲ. ಪ್ರತಿ ಚೌಕಕ್ಕೂ ಹಸಿರು ಟಿಕ್ಕಿನ ಪದವನ್ನು ತಾನೇ ಅಂಟಿಸಿಬಿಟ್ಟ. ಒಳಗೆ ಏನು ಬರೆದರೂ ಹಸಿರು. ಗುಂಡಿ ಒತ್ತಿದರೆ ಎರಡು ಸೆಕೆಂಡು ಚಕ್ರ ತಿರುಗಿ, ಯಾರ ಉತ್ತರಕ್ಕೂ ಕಾಯದೆ, ‘ಧನ್ಯವಾದ, ನಿಮ್ಮ ಅರ್ಜಿ ತಲುಪಿದೆ’ ಎಂದು ಬರುವ ಹಾಗೆ ಮಾಡಿದ. ಗ್ರಂಥಾಲಯದ ಮುಖ್ಯಸ್ಥೆ ಕನ್ನಡಕ ಸರಿಮಾಡಿಕೊಂಡು ನೋಡಿ, “ಚೆನ್ನಾಗಿದೆಯಲ್ಲ” ಅಂದರು. ಆಫೀಸಿನ ಯಜಮಾನರು ಬೆನ್ನು ತಟ್ಟಿದರು. ‘ಇದನ್ನು ನಾಳೆ ತೆಗೆಯಬೇಕು’ ಎಂದು ಅವನು ಫಾರಂನ ಹಿಂದಿನ ಕಂಪ್ಯೂಟರ್ ಕೋಡಿನಲ್ಲೇ ತನಗೊಂದು ಚೀಟಿ ಬರೆದಿಟ್ಟುಕೊಂಡ. ಈ ಕಸುಬಿನವರು ‘ನಾಳೆ’ ಎಂದು ಬರೆದದ್ದು ಸಾಮಾನ್ಯವಾಗಿ ನಾಡಿದ್ದಿನವರೆಗೂ ಬದುಕುವುದಿಲ್ಲ, ಮರೆತೇಹೋಗುತ್ತದೆ.

ಮಾರನೆಯ ದಿನ ಉಗ್ರಾಣಿ ತನ್ನ ಭಾಗ ಜೋಡಿಸಿದಳು. ಪರೀಕ್ಷೆ ಮಾಡಬೇಕಾದವನು ಸಿಂಗಾರಪ್ಪ. ಅವನು ಒಂದು ಫಾರಂ ತುಂಬಿದ, ಎಲ್ಲ ಹಸಿರಾಯಿತು, ಧನ್ಯವಾದ ಬಂತು. ಪರೀಕ್ಷೆ ಮುಗಿಯಿತು. ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಉತ್ತರ ಬರೆದು, ತಾನೇ ನೂರಕ್ಕೆ ನೂರು ಹಾಕಿಕೊಂಡದ್ದು ಅವನಿಗೆ ಆಗ ವಿಚಿತ್ರ ಅನ್ನಿಸಲೇ ಇಲ್ಲ.

ಮಂಗಳವಾರ ಅಕ್ಕ ಫೋನ್ ಮಾಡಿದಳು.

“ಅರ್ಜಿ ಹಾಕಿದೆ ಕಣೋ. ಎಲ್ಲಾ ಚೌಕಕ್ಕೂ ಹಸಿರು ಬಂತು. ಆದ್ರೆ ಒಂದು ವಿಷ್ಯ, ಮೊದಲು ಫೋನ್ ನಂಬರಲ್ಲಿ ಒಂದಂಕಿ ಬಿಟ್ಟುಹೋಗಿತ್ತು. ಆಗಲೂ ಹಸಿರೇ ಬಂತಲ್ಲ, ಅದು ಸರೀನಾ?”

“ಅಕ್ಕಾ, ಅದು ಬುದ್ಧಿವಂತ ಫಾರಂ. ನೀನು ಬರೆಯೋಕೆ ಮುಂಚೆನೇ ಅರ್ಥ ಮಾಡ್ಕೊಳ್ಳುತ್ತೆ.”

“ಅಷ್ಟು ಬುದ್ಧಿ ಇದ್ರೆ ಅದಕ್ಕೇ ಕೊಡಬಹುದಿತ್ತು ನೌಕರೀನ,” ಎಂದು ನಕ್ಕು ಫೋನಿಟ್ಟಳು. ಅವನೂ ನಕ್ಕ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಗ್ರಂಥಾಲಯದವರು ಎಷ್ಟು ಅರ್ಜಿ ಬಂದಿವೆ ಎಂದು ಕೇಳಿದರು. ಉಗ್ರಾಣಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಸಿಂಗಾರಪ್ಪನ ಮೇಜಿನ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

“ಸೊನ್ನೆ.”

“ಏನು ಸೊನ್ನೆ?”

“ಅರ್ಜಿ. ಹನ್ನೊಂದು ದಿನದಲ್ಲಿ ಒಂದೂ ಬಂದಿಲ್ಲ. ನಿಮ್ಮ ಕ್ಯಾಲೆಂಡರು ತಾರೀಖನ್ನ ಹಿಂದುಮುಂದು ಮಾಡಿ ಕಳಿಸ್ತಿದೆ. ವರ್ಷ ಮೊದಲು ಬರಬೇಕು ಅಂತ ಬರೆದುಕೊಟ್ಟಿದ್ದೆ. ನನ್ನ ಕಡೆಯಿಂದ ಎಲ್ಲಾ ವಾಪಸ್ ಹೋಗಿದೆ. ಜನಕ್ಕೆ ಕೆಂಪು ಕಾಣಿಸಿರಬೇಕಿತ್ತಲ್ಲ?”

ಸಿಂಗಾರಪ್ಪ ಪರದೆಯ ಕಡೆ ತಿರುಗಿದ. ಕೆಂಪು ಎಲ್ಲಿಂದ ಕಾಣಿಸಬೇಕು? ಅವನು ಹಸಿರು ಬಳಿದು ಕೂತಿದ್ದನಲ್ಲ. ಕೋಡು ತೆರೆದರೆ ‘ಇದನ್ನು ನಾಳೆ ತೆಗೆಯಬೇಕು’ ಎಂಬ ಚೀಟಿ ಹಲ್ಲು ಕಿರಿಯುತ್ತಿತ್ತು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಯನ್ನು ಅವನು ಬೇರೆ ಕಂಪನಿಯವರ ಫಾರಂ ನೋಡಿದಾಗಲೆಲ್ಲ ಹೇಳುತ್ತಿದ್ದ. ಈಗ ಅದು ತನ್ನ ಮನೆ ವಿಳಾಸ ಹುಡುಕಿಕೊಂಡು ಬಂದಿತ್ತು. ಫೋನ್ ನಂಬರಿನಲ್ಲಿ ಒಂದಂಕಿ ಬಿಟ್ಟರೂ ಹಸಿರು ಬಂತು ಎಂದು ಅಕ್ಕ ಮಂಗಳವಾರವೇ ಹೇಳಿದ್ದಳು. ಪರೀಕ್ಷೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು, ಹದಿನೈದು ವರ್ಷದ ಅನುಭವಸ್ಥನಿಗೆ ಗೊತ್ತಿರಲಿಲ್ಲ.

“ಯಜಮಾನರಿಗೆ ಹೇಳಿ. ಅವರು ಗ್ರಂಥಾಲಯದವರ ಹತ್ರ ಮಾತಾಡಿ ದಿನ ಮುಂದಕ್ಕೆ ಹಾಕಿಸ್ತಾರೆ,” ಎಂದಳು ಉಗ್ರಾಣಿ.

“ಐದು ಗಂಟೆ ಆದ್ಮೇಲೆ ಹೇಳ್ತೀನಿ.”

“ಐದು ಗಂಟೆ ಆದ್ಮೇಲೆ ಹೇಳೋಕೆ ಏನಿರುತ್ತೆ?”

“ನೀವೇ ಒಳಗಿಂದ ಸೇರಿಸೋಕೆ ಆಗಲ್ವಾ?”

“ನಾನು ಕೈಯಾರೆ ಸೇರಿಸಿದ್ದು ಕೈಯಾರೆ ಸೇರಿಸಿದ್ದು ಅಂತಲೇ ದಾಖಲಾಗುತ್ತೆ. ಐದಕ್ಕೆ ಬಾಗಿಲು ಮುಚ್ಚೋದೂ ಅವರ ಆದೇಶ, ನನ್ನ ಇಷ್ಟ ಅಲ್ಲ.”

ಸಿಂಗಾರಪ್ಪ ತಾರೀಖು ಸರಿಮಾಡಿದ, ಹಸಿರು ಕಿತ್ತ, ಗುಂಡಿಗೆ ಉಗ್ರಾಣದ ಉತ್ತರ ಕಾಯುವುದನ್ನು ಕಲಿಸಿದ. ಉಳಿದದ್ದಕ್ಕೆ ಸಮಯವಿರಲಿಲ್ಲ. ಹಲ್ಲುನೋವು ಎಂದು ಹೇಳಿ ಆಫೀಸಿನಿಂದ ಹೊರಬಿದ್ದು ಅಕ್ಕನ ವಾಚನಾಲಯಕ್ಕೆ ಓಡಿದ. ಧೈರ್ಯವಂತರು ಯಾರಾದರೂ ಆಗಿದ್ದರೆ ಯಜಮಾನರ ಕೋಣೆಯ ಕಡೆ ನಡೆಯುತ್ತಿದ್ದರು, ಅವನ ಕಾಲು ಮಾತ್ರ ಮೆಟ್ಟಿಲ ಕಡೆಗೇ ಹೋಯಿತು.

ವಾಚನಾಲಯದಲ್ಲಿ ನಾಲ್ಕು ಗಂಟೆಯ ಬಿಸಿಲು ಉದ್ದನೆಯ ಮೇಜಿನ ಮೇಲೆ ಬಿದ್ದಿತ್ತು. ದಿನಪತ್ರಿಕೆಯ ಹಿಂದೆ ಒಬ್ಬ ನಿವೃತ್ತ ಕಂಡಕ್ಟರ್ ಕೂತಿದ್ದರು. ಅಕ್ಕ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದಳು. ತಮ್ಮನ ಮುಖ ನೋಡಿದ್ದೇ ಮುದ್ರೆ ಕೆಳಗಿಟ್ಟಳು.

“ಒಂದು ಸಣ್ಣ ತಾಂತ್ರಿಕ ತೊಂದರೆ ಆಗಿದೆ ಅಕ್ಕಾ.”

“ಅಂದ್ರೆ ನೀನು ಏನೋ ಮಾಡಿದೀಯ.”

ಅವನು ಹೇಳಿದ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಹಾಗಾದ್ರೆ ಯಾರದ್ದೂ ಹೋಗಿಲ್ಲ,” ಎಂದಷ್ಟೇ ಹೇಳಿ ಕಪಾಟಿನಿಂದ ಗೆರೆ ಹಾಕಿದ ಒಂದು ಉದ್ದ ಪುಸ್ತಕ ತಂದು ಮುಂದಿಟ್ಟಳು. ಅದರಲ್ಲಿ ಇಪ್ಪತ್ತಮೂರು ಜನರ ಅರ್ಜಿಯ ವಿವರಗಳಿದ್ದವು. ಹದಿನಾಲ್ಕು ಶಾಖೆಗಳ ತಾತ್ಕಾಲಿಕದವರೆಲ್ಲ ಅರ್ಜಿ ಹಾಕಲು ಬಂದದ್ದು ಅವಳ ಬಳಿಗೇ. ಫಾರಂ ಅಂದರೆ ಅಕ್ಕ ಎಂಬುದು ಅವರಲ್ಲಿ ರೂಢಿ. ಮೂರು ಹುದ್ದೆಗೆ ತನ್ನೊಡನೆ ಸ್ಪರ್ಧಿಸುವ ಇಪ್ಪತ್ತೆರಡು ಜನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವಳು ಅರ್ಜಿ ಹಾಕಿಸಿದ್ದಳು.

“ಇದನ್ನೆಲ್ಲ ಯಾಕೆ ಬರೆದಿಟ್ಟೆ?”

“ನಿನ್ನ ಫಾರಂನಲ್ಲಿ ಬರೆಯೋಕೆ ಶುರು ಮಾಡಿದ ತಕ್ಷಣ ಅದು ಏನು ಕೇಳ್ತಿತ್ತು ಅನ್ನೋದೇ ಮಾಯ ಆಗುತ್ತೆ. ಪಾಪ, ಎಲ್ಲರೂ ಗಾಬರಿ ಆಗ್ತಿದ್ರು. ಅದಕ್ಕೆ ಮೊದಲು ಇಲ್ಲಿ ಬರ್ಕೊಂಡು ಆಮೇಲೆ ಅಲ್ಲಿ ಹಾಕ್ತಿದ್ವಿ.”

ಪುಸ್ತಕದಲ್ಲಿ ಪ್ರತಿ ಅಂಕಣದ ಮೇಲೂ ದಪ್ಪಗೆ ಬರೆದಿತ್ತು: ಹೆಸರು, ವಿಳಾಸ, ಫೋನ್ ನಂಬರು, ಹುಟ್ಟಿದ ದಿನ, ಅನುಭವ. ಕೊನೆಯ ಅಂಕಣ ‘ಜೊತೆಗಿದ್ದವರು’. ಇಪ್ಪತ್ತೆರಡು ಸಾಲಿನಲ್ಲೂ ಅಲ್ಲಿ ಅಕ್ಕನ ಸಹಿಯಿತ್ತು. ಇಪ್ಪತ್ತಮೂರನೆಯ ಸಾಲು ಅಕ್ಕನದೇ. ಅಲ್ಲಿ ಜೊತೆಗಿದ್ದವರ ಜಾಗದಲ್ಲಿ ಒಂದು ಅಡ್ಡಗೆರೆ.

“ಮೊದಲು ನಿಂದು ಹಾಕಿಬಿಡೋಣ,” ಎಂದ ಅವನು.

“ಸಾಲು ಅಂದ್ರೆ ಸಾಲು. ಒಂದರಿಂದ ಶುರು ಮಾಡು. ನಾನು ಓದ್ತೀನಿ.”

ಹೀಗೆ ಸಿಂಗಾರಪ್ಪ ಜೀವಮಾನದಲ್ಲಿ ಮೊದಲ ಬಾರಿಗೆ ತಾನು ಮಾಡಿದ ಫಾರಂ ನಿಜವಾದ ಜನರಿಗಾಗಿ ತುಂಬಲು ಕೂತ. ಆಫೀಸಿನ ದೊಡ್ಡ ಹೊಳೆಯುವ ಪರದೆಯ ಮೇಲೆ ಮುತ್ತಿನಂತಿದ್ದ ಬೂದಿ ಅಕ್ಷರಗಳು ವಾಚನಾಲಯದ ಹಳೆಯ ಪರದೆಯ ಮೇಲೆ ಇರಲೇ ಇಲ್ಲ. ಅವನು ಮೂಗು ತಾಗುವಷ್ಟು ಬಗ್ಗಿ ಹುಡುಕಿದ. ಕ್ಯಾಲೆಂಡರು ತೆರೆದರೆ ಇವತ್ತಿನ ತಾರೀಖು. ಮೊದಲನೆಯವರಿಗೆ ನಲವತ್ತನಾಲ್ಕು ವಯಸ್ಸು. ನಲವತ್ತನಾಲ್ಕು ಸಲ ಬಾಣ ಒತ್ತಬೇಕು. ಒತ್ತಿದ. ರಭಸದಲ್ಲಿ ಎರಡು ವರ್ಷ ಹೆಚ್ಚು ಹಿಂದೆ ಹೋದ, ಮತ್ತೆ ಎರಡು ಒತ್ತು ಮುಂದೆ ಬಂದ.

“ಇದನ್ನ ಯಾರು ಮಾಡಿದ್ದು?” ಎಂದು ಪತ್ರಿಕೆಯ ಹಿಂದಿನಿಂದ ಕಂಡಕ್ಟರ್ ಕೇಳಿದರು. “ಹೋದ ವಾರದಿಂದ ನೋಡ್ತಿದೀನಿ, ಎಲ್ಲರೂ ಟಿಕ್ ಟಿಕ್ ಟಿಕ್ ಅಂತ ಕುಟ್ತಾನೇ ಇರ್ತಾರೆ. ಮಾಡಿದವನಿಗೆ ಮನೇಲಿ ಹಿರಿಯರು ಯಾರೂ ಇಲ್ವೇನೋ.”

“ಇದಾರೆ,” ಎಂದಳು ಅಕ್ಕ, ಪುಸ್ತಕದಿಂದ ಕಣ್ಣೆತ್ತದೆ. ಸಿಂಗಾರಪ್ಪ ಕಿವಿಯವರೆಗೂ ಕೆಂಪಾದ. ಕೆಂಪು ಬಣ್ಣ ಕಾಣಿಸಬೇಕಾದ ಜಾಗದಲ್ಲಿ ಕೊನೆಗೂ ಕಾಣಿಸಿತು ಎಂದು ತನ್ನಲ್ಲೇ ಅಂದುಕೊಂಡ.

ಆದರೆ ಅರ್ಜಿಗಳು ಸೇರುತ್ತಿದ್ದವು. ಒಂದೊಂದಕ್ಕೂ ನಿಜವಾದ ಸಂಖ್ಯೆ ಬರುತ್ತಿತ್ತು, ಅಕ್ಕ ಅದನ್ನು ಸಾಲಿನ ತುದಿಗೆ ಬರೆದುಕೊಳ್ಳುತ್ತಿದ್ದಳು. ನಾಲ್ಕೂವರೆಗೆ ಹನ್ನೆರಡು ಮುಗಿದಿತ್ತು. ಹೀಗೇ ಸಾಗಿದರೆ ಆಗಿಹೋಗುತ್ತದೆ ಎಂದು ಅವನು ಉಸಿರು ಬಿಟ್ಟ. ಹದಿನಾಲ್ಕನೆಯದರಲ್ಲಿ ಕೈಕೊಟ್ಟಿತು. ಹೆಸರು ಬರೆದು ಮುಂದಿನ ಚೌಕಕ್ಕೆ ಬಂದಾಗ ಅದು ಏನು ಕೇಳಿತ್ತೆಂದು ಮರೆತ. ಅನುಭವದ ಜಾಗದಲ್ಲಿ ವಿಳಾಸ ಬರೆದ, ವಿಳಾಸದ ಜಾಗದಲ್ಲಿ ಅನುಭವ ಬರೆದ. ಕಳಿಸುವ ಮುಂಚೆ ಅಕ್ಕ ಗಮನಿಸಿದಳು. ಅಳಿಸಿ ಮತ್ತೆ ಮೊದಲಿನಿಂದ ತುಂಬಿದ್ದರಲ್ಲಿ ಮೂರು ನಿಮಿಷ ಹೋಯಿತು.

ಇಪ್ಪತ್ತೆರಡನೆಯದು ಮುಗಿದಾಗ ಐದಕ್ಕೆ ಎರಡು ನಿಮಿಷ. “ಈಗ ನಂದು,” ಎಂದಳು ಅಕ್ಕ. ಅವಳ ದನಿ ಸ್ವಲ್ಪ ಒಣಗಿತ್ತು. ಅವಳ ಹೆಸರು, ವಿಳಾಸ, ಫೋನ್ ನಂಬರು, ಹನ್ನೊಂದು ವರ್ಷದ ಅನುಭವವನ್ನು ಅವನು ಪುಸ್ತಕ ನೋಡದೆಯೇ ಬರೆದ. ಉಳಿದದ್ದು ಹುಟ್ಟಿದ ದಿನ.

ಐವತ್ತು ಒತ್ತು. ಹಳೆಯ ಕಂಪ್ಯೂಟರು ಒಂದೊಂದು ಒತ್ತಿಗೂ ಯೋಚಿಸಿ ಒಂದು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಅಕ್ಕ ಈ ವಾಚನಾಲಯಕ್ಕೆ ಸೇರಿದ ವರ್ಷ ಹೋಯಿತು. ಅವನಿಗೆ ಮೊದಲ ಕೆಲಸ ಸಿಕ್ಕ ವರ್ಷ ಹೋಯಿತು, ಆ ಅರ್ಜಿ ಬರೆದಿದ್ದೂ ಅವಳೇ. ಅವನ ಕಾಲೇಜಿನ ಫಾರಂ ಕೊಡಲು ಅವಳು ಬಿಸಿಲಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತ ವರ್ಷ ಹೋಯಿತು. ಅವನು ಅಕ್ಷರ ಕಲಿತ ವರ್ಷ ಹೋಯಿತು. ಅವನ ಬೆರಳು ಬೆವೆತು ಜಾರುತ್ತಿತ್ತು. ಗೋಡೆಯ ಗಡಿಯಾರ ಐದು ಹೊಡೆಯಿತು.

ಫಾರಂ ಮಸುಕಾಗಿ, ಮಧ್ಯದಲ್ಲಿ ಆಕಳಿಸುವ ಪುಟ್ಟ ಗಡಿಯಾರದ ಚಿತ್ರ ಬಂತು. ಕೆಳಗೆ ದುಂಡನೆಯ ಮುದ್ದು ಅಕ್ಷರದಲ್ಲಿ, ‘ಅಯ್ಯೋ, ತಡವಾಯ್ತಲ್ಲ! ಮುಂದಿನ ಸಲ ಖಂಡಿತ ಬನ್ನಿ!’ ಆ ಆಕಳಿಕೆಗೆ ಅವನು ಒಂದು ಇಡೀ ದಿನ ವ್ಯಯಿಸಿದ್ದ. ಹಿಂದೆ ಮಸುಕಿನಲ್ಲಿ ಕ್ಯಾಲೆಂಡರು ಇನ್ನೂ ತೆರೆದಿತ್ತು. ಅದು ಅವನು ಹುಟ್ಟಿದ ವರ್ಷದಲ್ಲಿ ನಿಂತಿತ್ತು. ಅಕ್ಕನ ವರ್ಷಕ್ಕೆ ಇನ್ನೂ ಹತ್ತು ಒತ್ತು ಬಾಕಿ ಇತ್ತು.

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. “ಇರಲಿ ಬಿಡು. ಅಷ್ಟು ಜನದ್ದು ಸೇರ್ತಲ್ಲ,” ಎಂದಳು. ಎದ್ದು ಕಿಟಕಿ ಮುಚ್ಚಲು ಹೋದಳು. ಒಂದು ಕಿಟಕಿ ಮುಚ್ಚುವುದಕ್ಕೆ ಅವಳು ತೆಗೆದುಕೊಂಡಷ್ಟು ಹೊತ್ತು ಬೇಕಿರಲಿಲ್ಲ.

ಸಿಂಗಾರಪ್ಪ ಮೊಬೈಲು ಕೈಗೆತ್ತಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೂರೂ ಇಪ್ಪತ್ತಕ್ಕೆ ಯಜಮಾನರ ಕೋಣೆಗೆ ಹೋಗಿ ಒಂದು ಮಾತು ಹೇಳಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ. ತನ್ನ ಮರ್ಯಾದೆ ಉಳಿಸಿಕೊಳ್ಳಲು ಅವನು ಅಕ್ಕನ ಒಂದು ಗಂಟೆಯನ್ನು ತಿಂದಿದ್ದ. ನಾಚಿಕೆಯಾಯಿತು, ಹೇಳಿಕೊಂಡು ನಗುವಂಥ ನಾಚಿಕೆಯಲ್ಲ. ಅವನು ಗ್ರಂಥಾಲಯದ ಮುಖ್ಯಸ್ಥೆಗೇ ಫೋನ್ ಮಾಡಿದ.

“ಮೇಡಂ, ನಿಮಗೆ ತೋರಿಸಿದ ಫಾರಂನಲ್ಲಿ ಹಸಿರು ಟಿಕ್ಕು ಸುಳ್ಳು. ನಾನೇ ಬಳಿದಿದ್ದೆ. ಹನ್ನೊಂದು ದಿನ ಒಂದು ಅರ್ಜಿನೂ ತಲುಪಿರಲಿಲ್ಲ. ಈಗ ಒಂದು ಗಂಟೇಲಿ ಇಪ್ಪತ್ತೆರಡು ಸೇರಿಸಿದ್ವಿ. ಒಂದು ಉಳಿದುಹೋಯ್ತು.”

“ಯಾರದು?”

“ನಮ್ಮಕ್ಕಂದು.”

ತನ್ನ ಮಾತು ತನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿತು. ಅಕ್ಕನಿಗೋಸ್ಕರ ಕಥೆ ಕಟ್ಟುತ್ತಿದ್ದಾನೆ ಎಂದು ಯಾರಿಗಾದರೂ ಅನ್ನಿಸಬೇಕು. ನಿಜ ಹೇಳಿದ ಒಂದೇ ದಿನ ಅವನಿಗೆ ಸಾಕ್ಷಿ ಬೇಕಾಯಿತು.

“ಸೇರಿಸಿದ ಇಪ್ಪತ್ತೆರಡರ ವಿವರ ನಿಮಗೆ ಎಲ್ಲಿ ಸಿಕ್ತು?” ಎಂದರು ಮುಖ್ಯಸ್ಥೆ.

“ಅಕ್ಕ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ತನ್ನದು ಕೊನೇಲಿ ಬರೆದಿದಾಳೆ.”

“ಸೋಮವಾರ ಆ ಪುಸ್ತಕ ತಗೊಂಡು ಬನ್ನಿ. ನಿಮ್ಮ ಯಜಮಾನರನ್ನೂ ಕರ್ಕೊಂಡು ಬನ್ನಿ.”

ಯಜಮಾನರಿಗೆ ಹೇಳಿದ್ದು, ಅವರು ಹಲ್ಲುನೋವಿನ ಬಗ್ಗೆ ವಿಚಾರಿಸಿಕೊಂಡದ್ದು, ಇವೆಲ್ಲ ಇಲ್ಲಿ ಬೇಡ. ಸೋಮವಾರ ಮುಖ್ಯಸ್ಥೆ ಪುಸ್ತಕವನ್ನು ಪುಟ ಪುಟವಾಗಿ ನೋಡಿದರು. ಸಾಲುಗಳ ತಾರೀಖು, ಸಹಿ, ಶುಕ್ರವಾರ ಬರೆದ ಸಂಖ್ಯೆಗಳನ್ನು ತಾಳೆ ಹಾಕಿದರು. ಇಪ್ಪತ್ತಮೂರನೆಯ ಸಾಲಿನ ಅಡ್ಡಗೆರೆಯ ಮೇಲೆ ಬೆರಳಿಟ್ಟರು. ಅರ್ಜಿಯ ಕೊನೆಯ ದಿನವನ್ನು ಎಲ್ಲರಿಗೂ ಬುಧವಾರದವರೆಗೆ ಮುಂದೂಡಿದರು. ಹದಿನಾಲ್ಕು ಶಾಖೆಗಳಲ್ಲೂ ಸೂಚನೆ ಅಂಟಿಸಿದರು: ‘ಫಾರಂ ತಯಾರಿಸಿದವರ ತಪ್ಪಿನಿಂದಾಗಿ...’ ಸಿಂಗಾರಪ್ಪ ಅದನ್ನು ವಾಚನಾಲಯದ ಬಾಗಿಲಲ್ಲಿ ನಿಂತು ಓದಿದ. ಅಕ್ಷರದ ವಿನ್ಯಾಸ ಬಹಳ ಕೆಟ್ಟದಾಗಿದೆ ಎಂಬುದು ಅವನಿಗೆ ಮೊದಲು ಹೊಳೆಯಿತು. ಎರಡನೆಯದಾಗಿ ಹೊಳೆದದ್ದು, ಎಷ್ಟು ಸ್ಪಷ್ಟವಾಗಿ ಓದಲು ಬರುತ್ತಿದೆ ಎಂಬುದು.

ಸೋಮವಾರ ಉಳಿದ ಹೊತ್ತೆಲ್ಲ ಕೂತು ಅವನು ಫಾರಂ ಬದಲಿಸಿದ. ನೆರಳು ತೆಗೆದ. ಪದಗಳನ್ನು ಚೌಕದ ಮೇಲೆ, ಕಪ್ಪಗೆ, ದಪ್ಪಗೆ ಬರೆದ. ಕ್ಯಾಲೆಂಡರು ಕಿತ್ತು ದಿನ, ತಿಂಗಳು, ವರ್ಷಕ್ಕೆ ಮೂರು ಖಾಲಿ ಚೌಕ ಇಟ್ಟ. ಆಕಳಿಸುವ ಗಡಿಯಾರವನ್ನು ಅಳಿಸುವಾಗ ಮಾತ್ರ ಕೈ ಒಂದು ಕ್ಷಣ ತಡವರಿಸಿತು. ಕೊನೆಗೆ ನೋಡಿದರೆ ಫಾರಂ ಅಕ್ಕನ ಪುಸ್ತಕದ ಹಾಗೇ ಇತ್ತು. ಉಗ್ರಾಣಿ ಬೇಕೆಂದೇ ಮೂರು ಸಲ ತಪ್ಪು ಬರೆದು ನೋಡಿದಳು, ಮೂರು ಸಲವೂ ಕೆಂಪು ಬಂತು. “ಈಗ ಚೆಂದ ಇದೆ,” ಎಂದಳು. ಅವಳ ಬಾಯಲ್ಲಿ ಆ ಮಾತನ್ನು ಅವನು ಮೊದಲ ಸಲ ಕೇಳಿದ್ದು.

ಮಂಗಳವಾರ ಅಕ್ಕ ತನ್ನ ಅರ್ಜಿಯನ್ನು ತಾನೇ ತುಂಬಿದಳು. ಅವನು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ಅವಳು ಹುಟ್ಟಿದ ವರ್ಷವನ್ನು ನಾಲ್ಕೇ ಒತ್ತಿನಲ್ಲಿ ಬರೆದಳು. ಗುಂಡಿ ಒತ್ತಿದಳು. ಚಕ್ರ ತಿರುಗಿತು. ಸಂಖ್ಯೆ ಬಂತು. ಅಕ್ಕ ಅದನ್ನು ಪುಸ್ತಕದ ಇಪ್ಪತ್ತಮೂರನೆಯ ಸಾಲಿಗೆ ಬರೆದುಕೊಂಡಳು.

“ಇನ್ನೂ ನಂಬಿಕೆ ಬಂದಿಲ್ವಾ ನಿಂಗೆ?” ಎಂದು ಕೇಳಿದ.

ಅವಳು ‘ಜೊತೆಗಿದ್ದವರು’ ಎಂಬ ಅಂಕಣದಲ್ಲಿದ್ದ ಅಡ್ಡಗೆರೆಯನ್ನು ಹೊಡೆದುಹಾಕಿ, ಪುಸ್ತಕವನ್ನು ಅವನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ಸಿಂಗಾರಪ್ಪ ಸಹಿ ಹಾಕಲು ಬಗ್ಗಿದ. ಕಣ್ಣು ಮಂಜಾಗಿದ್ದರಿಂದ ಸಾಲು ಸರಿಯಾಗಿ ಕಾಣಲಿಲ್ಲ.

“ಗೆರೆ ಮೇಲೆ ಬರೆಯೋ, ಗೆರೆ ಮೇಲೆ,” ಎಂದಳು ಅಕ್ಕ.